ಗಗನವೀರ ದೇವಯ್ಯ

ರಣರಂಗದಲ್ಲಿ ಕಾಲಾಳು ಹೋರಾಡುವಾಗ ಅವನ ಎಡಬಲಗಳಲ್ಲಿ ಸಂಗಡಿಗರಿರುತ್ತಾರೆ. ಅವನು ಮುನ್ನುಗ್ಗಿದುದನ್ನು ಅವರು ಕಾಣುತ್ತಾರೆ. ಅವನು ಬಿದ್ದರೆ ಅವನ ಪರಾಕ್ರಮವನ್ನು ಊರಿಗೆ ಬಂದು ಹೇಳುತ್ತಾರೆ. ಆದರೆ ಒಂಟಿ ಆಸನದ ವಿಮಾನದಲ್ಲಿ ಕುಳಿತು ಶತ್ರುದೇಶದ ಆಕಾಶದಲ್ಲಿ ಏಕಾಂಗಿಯಾಗಿ ಕಾದಾಡುವ ವೈಮಾನಿಕನಿಗೆ ಅಂತಹ ಸಾಕ್ಷಿಗಳಿಲ್ಲ. ಅವನು ಹಿಂದಿರುಗಿದರೆ ತಾನೇ ತನ್ನ ಕಥೆಯನ್ನು ಹೇಳಬೇಕು. ಹಿಂದಿರುಗದಿದ್ದರೆ ಅವನ ಸಾಹಸವೂ ಅವನೊಡನೆಯೇ ಮಣ್ಣಾಗುತ್ತದೆ. ಇಂತಹ ಮರವೆಗೆ ಸಂದುಹೋಗಲಿದ್ದ ಒಬ್ಬ ಧೀರನ ಚರಿತ್ರೆ ಇದು. ಅವನ ಪರಾಕ್ರಮ ಲೋಕಕ್ಕೆ ತಿಳಿಯಲು ಹದಿನಾಲ್ಕು ವರ್ಷಗಳು ಬೇಕಾದುವು. ಅದಕ್ಕೆ ತಕ್ಕ ಮನ್ನಣೆ ದೊರೆಯಲು ಇಪ್ಪತ್ತಮೂರು ವರ್ಷಗಳು ಹಿಡಿದುವು. ಆ ವೀರನೇ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ.

ಕನ್ನಡನಾಡಿಗೆ ಶೌರ್ಯ ಹೊಸತಲ್ಲ. ಕಿತ್ತೂರಿನ ರಾಣಿ ಚೆನ್ನಮ್ಮ, ಸಂಗೊಳ್ಳಿ ರಾಯಣ್ಣರ ಹೆಸರು ನಮ್ಮ ಮನೆಮಾತಾಗಿದೆ. ಸ್ವತಂತ್ರ ಭಾರತದ ಸೇನೆಯಲ್ಲಿಯೂ ಈ ನಾಡಿನ ಮಕ್ಕಳು ಹೆಸರು ಪಡೆದಿದ್ದಾರೆ. ಉತ್ತರ ಕನ್ನಡ ಜಿಲ್ಲೆಯ ಕಾರವಾರದ ಸಮೀಪದ ಚೆಂಡಿಯಾ ಗ್ರಾಮದ ರಾಮ ರಾಘೋಬಾ ರಾಣೆಯವರು 1948ರಲ್ಲಿ ಕಾಶ್ಮೀರದ ನೌಶೇರಾದಿಂದ ರಜೌರಿಗೆ ಹೋಗುವ ಮಾರ್ಗದಲ್ಲಿ ಶತ್ರುಗಳ ಗುಂಡಿನ ಮಳೆಯ ನಡುವೆಯೇ ಹೂತಿಟ್ಟ ಸಿಡಿಮದ್ದುಗಳನ್ನು ತೆಗೆದು, ನಮ್ಮ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟು, ಪರಮವೀರ ಚಕ್ರವನ್ನು ಪಡೆದರು. ರಾಣೆಯವರ ಕಾರ್ಯಕ್ಷೇತ್ರ ನೆಲ. ದೇವಯ್ಯನವರ ಕಾರ್ಯಕ್ಷೇತ್ರ ಮುಗಿಲು. ಸ್ಥಳ ಬೇರೆಯಾದರೂ ಇಬ್ಬರನ್ನೂ ನಡೆಸಿದ ಕರ್ತವ್ಯನಿಷ್ಠೆ ಒಂದೇ.

ಸಹ್ಯಾದ್ರಿಯ ಮಡಿಲಲ್ಲಿ, ಕಾವೇರಿಯ ಉಗಮಸ್ಥಾನದಲ್ಲಿ ಇರುವ ಕೊಡಗು ಸಣ್ಣ ನಾಡು. ಆದರೆ ಸೈನ್ಯಕ್ಕೆ ಅದು ಕೊಟ್ಟ ಕೊಡುಗೆ ಸಣ್ಣದಲ್ಲ. 1949ರ ಜನವರಿ 15ರಂದು ಭಾರತದ ಭೂಸೇನೆಯ ಮಹಾದಂಡನಾಯಕ ಪದವಿಯನ್ನು ವಹಿಸಿಕೊಂಡ ಮೊದಲ ಭಾರತೀಯರಾದ ಕೆ. ಎಂ. ಕಾರ್ಯಪ್ಪನವರು, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಕೆ. ಎಸ್. ತಿಮ್ಮಯ್ಯನವರು ಈ ನೆಲದ ಮಕ್ಕಳೇ. ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಕೋವಿಯಿಂದ ಒಂದು ಗುಂಡು ಹಾರಿಸಿ ಊರಿಗೆ ಸಂತೋಷವನ್ನು ಸಾರುವುದು ಹಳೆಯ ಸಂಪ್ರದಾಯ. ಮನೆಯವರೊಬ್ಬರು ತೀರಿಕೊಂಡಾಗ ಎರಡು ಗುಂಡುಗಳನ್ನು ಹಾರಿಸಿ ನೆರೆಹೊರೆಗೆ ತಿಳಿಸುತ್ತಾರೆ. ಪ್ರತಿವರ್ಷ ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಂದು ಕೋವಿ, ಒಡಿಕತ್ತಿಗಳನ್ನು ಶುಚಿಗೊಳಿಸಿ ಹೂವಿಟ್ಟು ಪೂಜಿಸುತ್ತಾರೆ. ಆಯುಧವೆಂದರೆ ಇಲ್ಲಿ ಹಿಂಸೆಯ ಸಾಧನವಲ್ಲ. ಮನೆಯನ್ನೂ ನಾಡನ್ನೂ ಕಾಯುವ ಹೊಣೆಯ ಗುರುತು.

ಇಂತಹ ನಾಡಿನಲ್ಲಿ 1932ರ ಡಿಸೆಂಬರ್ 24ರಂದು ದೇವಯ್ಯನವರು ಜನಿಸಿದರು. ಅವರ ತಂದೆ ಡಾಕ್ಟರ್ ಬೋಪಯ್ಯನವರು. ಅಜ್ಜಮಾಡ ಎಂಬುದು ಅವರ ಮನೆತನದ ಹೆಸರು. ಆಗ ಕೊಡಗು ಬ್ರಿಟಿಷರ ಆಡಳಿತಕ್ಕೆ ಒಳಪಟ್ಟ ಪ್ರತ್ಯೇಕ ಪ್ರಾಂತವಾಗಿತ್ತು. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದುಗೂಡಿದಾಗ ಅದೂ ನಮ್ಮ ರಾಜ್ಯದ ಒಂದು ಜಿಲ್ಲೆಯಾಯಿತು. ದೇವಯ್ಯನವರ ಜನ್ಮವರ್ಷಕ್ಕೆ ಇನ್ನೊಂದು ವಿಶೇಷವಿದೆ. ಅದೇ 1932ರ ಅಕ್ಟೋಬರ್ 8ರಂದು ಭಾರತೀಯ ವಾಯುಪಡೆ ಸ್ಥಾಪಿತವಾಯಿತು. ಮರುವರ್ಷದ ಏಪ್ರಿಲ್ 1ರಂದು ಕರಾಚಿಯಲ್ಲಿ ಅದರ ಮೊದಲನೆಯ ದಳ ರೂಪುಗೊಂಡಿತು. ಆಗ ಆ ದಳದಲ್ಲಿ ಇದ್ದುದು ವಾಪಿಟಿ ಎಂಬ ನಾಲ್ಕು ವಿಮಾನಗಳು ಮಾತ್ರ. ವಾಯುಪಡೆ ಮತ್ತು ದೇವಯ್ಯ ಹೀಗೆ ಒಂದೇ ವಯಸ್ಸಿನವರು. ಇವರಿಬ್ಬರೂ ಮುಂದೆ ಒಂದುಗೂಡುವರೆಂದೂ, ಆ ಮೊದಲನೆಯ ದಳದ ಕೀರ್ತಿಗೆ ಈ ಬಾಲಕನೇ ಕಳಶವಿಡುವನೆಂದೂ ಆಗ ಯಾರು ಬಲ್ಲರು?

1954ರಲ್ಲಿ ದೇವಯ್ಯನವರು ವೈಮಾನಿಕರಾಗಿ ವಾಯುಪಡೆಯನ್ನು ಸೇರಿದರು. ಆಗ ಅವರಿಗೆ ಇಪ್ಪತ್ತೊಂದರ ಹರೆಯ. ಯುದ್ಧವಿಮಾನವನ್ನು ನಡೆಸುವ ವಿದ್ಯೆ ಸುಲಭವಾದುದಲ್ಲ. ದೇಹದಾರ್ಢ್ಯ, ತೀಕ್ಷ್ಣವಾದ ದೃಷ್ಟಿ, ಚಂಚಲವಾಗದ ಮನಸ್ಸು ಇವು ಮೂರೂ ಇದಕ್ಕೆ ಅಗತ್ಯ. ಕ್ಷಣಕ್ಕೆ ಇನ್ನೂರು ಮುನ್ನೂರು ಮೀಟರುಗಳಷ್ಟು ದೂರವನ್ನು ಕ್ರಮಿಸುವ ಯಂತ್ರದಲ್ಲಿ ಕುಳಿತವನಿಗೆ ಯೋಚಿಸಲು ಸಮಯವಿರುವುದಿಲ್ಲ. ಯೋಚನೆಯೂ ಕ್ರಿಯೆಯೂ ಅವನಲ್ಲಿ ಒಂದಾಗಬೇಕು. ಎಡೆಬಿಡದ ಅಭ್ಯಾಸದಿಂದ ಮಾತ್ರ ಇದು ಸಾಧ್ಯ. ದೇವಯ್ಯನವರು ಈ ವಿದ್ಯೆಯನ್ನು ಕರಗತ ಮಾಡಿಕೊಂಡರಷ್ಟೇ ಅಲ್ಲ, ಅದನ್ನು ಇತರರಿಗೆ ಕಲಿಸುವ ಮಟ್ಟಕ್ಕೆ ಏರಿದರು. ಜೊತೆಗಾರರು ಅವರನ್ನು ಸಲುಗೆಯಿಂದ ಟಬ್ಬಿ ಎಂಬ ಅಡ್ಡಹೆಸರಿನಿಂದ ಕರೆಯುತ್ತಿದ್ದರು.

1965ರಲ್ಲಿ ಯುದ್ಧ ಆರಂಭವಾಗುವ ವೇಳೆಗೆ ಅವರು ವಾಯುಪಡೆಯ ಹಾರಾಟದ ಕಾಲೇಜಿನಲ್ಲಿ ಶಿಕ್ಷಕರಾಗಿದ್ದರು. ಯುದ್ಧಕ್ಕೆ ಹೋಗುವ ಯೋಧನ ಕೀರ್ತಿ ದೊಡ್ಡದು. ಆ ಯೋಧನನ್ನು ಸಿದ್ಧಗೊಳಿಸುವ ಗುರುವಿನ ದುಡಿಮೆ ಕಣ್ಣಿಗೆ ಬೀಳುವುದಿಲ್ಲ. ಆದರೆ ಶಿಷ್ಯನ ಕೈ ನಡುಗಿದಾಗ ಪಕ್ಕದಲ್ಲಿ ಕುಳಿತು ಧೈರ್ಯ ತುಂಬುವ ಶಿಕ್ಷಕನಿಗೆ ತನ್ನ ವಿದ್ಯೆಯ ಮೇಲೆ ಪೂರ್ಣ ಹಿಡಿತವಿರಲೇಬೇಕು. ವಿಮಾನವೊಂದು ಯಾವ ವೇಗದಲ್ಲಿ ಎಷ್ಟು ತಿರುಗಬಲ್ಲದು, ಯಾವ ಹಂತದಲ್ಲಿ ಅದು ಕೈತಪ್ಪುವುದು ಎಂಬ ಸೂಕ್ಷ್ಮಗಳೆಲ್ಲವನ್ನೂ ಅವನು ತಿಳಿದಿರಬೇಕು. ಈ ತಿಳಿವಳಿಕೆಯೇ ದೇವಯ್ಯನವರಿಗೆ ಮುಂದೆ ಕೊನೆಯ ಗಳಿಗೆಯ ಆಯುಧವಾಯಿತು.

1965ರ ಆಗಸ್ಟ್ ತಿಂಗಳಲ್ಲಿ ಪಾಕಿಸ್ತಾನವು ಶಸ್ತ್ರಸಜ್ಜಿತರಾದ ನುಸುಳುಕೋರರನ್ನು ಕಾಶ್ಮೀರದೊಳಗೆ ಕಳುಹಿಸಿತು. ಸೆಪ್ಟೆಂಬರ್ 1ರಂದು ಅದರ ಟ್ಯಾಂಕುಗಳು ಛಾಂಬ್ ಪ್ರದೇಶದಲ್ಲಿ ಮುನ್ನುಗ್ಗಿದುವು. ಅಂದಿನ ಸಂಜೆಯೇ ನಮ್ಮ ವಾಯುಪಡೆ ರಂಗಕ್ಕಿಳಿಯಿತು. ಕಾಶ್ಮೀರದ ಮೇಲಿನ ಒತ್ತಡವನ್ನು ತಗ್ಗಿಸಲು ಸೆಪ್ಟೆಂಬರ್ 6ರಂದು ನಮ್ಮ ಭೂಸೇನೆ ಗಡಿಯನ್ನು ದಾಟಿ ಲಾಹೋರಿನ ಕಡೆಗೆ ನಡೆಯಿತು. ಅದೇ ಸಂಜೆ ಪಾಕಿಸ್ತಾನದ ವಿಮಾನಗಳು ಪಂಜಾಬಿನಲ್ಲಿದ್ದ ನಮ್ಮ ವಾಯುನೆಲೆಗಳ ಮೇಲೆ ಎರಗಿದುವು. ಪಠಾಣಕೋಟ್‌ನಲ್ಲಿ ನೆಲದ ಮೇಲೆ ನಿಂತಿದ್ದ ನಮ್ಮ ಹಲವು ವಿಮಾನಗಳು ನಾಶವಾದುವು. ರಾತ್ರಿ ಪಠಾಣಕೋಟ್, ಆದಂಪುರ, ಹಲ್ವಾರಾ ನೆಲೆಗಳ ಆಸುಪಾಸಿನಲ್ಲಿ ಶತ್ರುಸೈನಿಕರು ಧುಮುಕುಕೊಡೆಗಳ ಸಹಾಯದಿಂದ ಇಳಿದರು. ಹೊಲಗದ್ದೆಗಳಲ್ಲಿ ಅಡಗಿದ್ದ ಅವರಲ್ಲಿ ಹೆಚ್ಚಿನವರನ್ನು ನಮ್ಮ ಸೈನಿಕರೂ ಪೊಲೀಸರೂ ಹಳ್ಳಿಗರೂ ಕೂಡಿ ಸೆರೆಹಿಡಿದರು. ಈ ದಾಳಿಗೆ ತಕ್ಕ ಉತ್ತರ ಕೊಡುವ ಹೊಣೆ ವಾಯುಪಡೆಯ ಮೇಲೆ ಬಿತ್ತು.

ಯುದ್ಧದ ನಿಮಿತ್ತ ದೇವಯ್ಯನವರು ಶಿಕ್ಷಕವೃತ್ತಿಯನ್ನು ಬಿಟ್ಟು ಆದಂಪುರದಲ್ಲಿದ್ದ ಮೊದಲನೆಯ ದಳವನ್ನು ಸೇರಿದ್ದರು. ಹುಲಿಯ ಹೆಸರನ್ನು ಹೊತ್ತ ಆ ದಳದ ನಾಯಕರು ವಿಂಗ್ ಕಮಾಂಡರ್ ಓ. ಪಿ. ತನೇಜಾ. ಅವರ ಬಳಿಯಿದ್ದುದು ಮಿಸ್ಟೇರ್ ಎಂಬ ಫ್ರಾನ್ಸ್ ದೇಶದ ವಿಮಾನಗಳು. 1957ರಿಂದ ನಮ್ಮ ವಾಯುಪಡೆಗೆ ಬಂದ ಈ ವಿಮಾನ ಕಾದಾಡುವ ಕೆಲಸವನ್ನೂ ಬಾಂಬು ಹಾಕುವ ಕೆಲಸವನ್ನೂ ಮಾಡಬಲ್ಲದಾಗಿತ್ತು. ಅದರಲ್ಲಿ ಒಂದೇ ಎಂಜಿನು, ಒಂದೇ ಆಸನ. ಮೂತಿಯ ಕೆಳಗೆ 30 ಮಿಲಿಮೀಟರ್ ಗಾತ್ರದ ಗುಂಡುಗಳನ್ನು ಉಗುಳುವ ಎರಡು ಫಿರಂಗಿಗಳು. ರೆಕ್ಕೆಗಳ ಕೆಳಗೆ ಬಾಂಬು ಅಥವಾ ರಾಕೆಟ್ಟುಗಳು. ಗಟ್ಟಿಮುಟ್ಟಾದ ವಿಮಾನವೇನೋ ಹೌದು. ಆದರೆ ನೇರ ಹಾರಾಟದಲ್ಲಿ ಅದು ಶಬ್ದದ ವೇಗವನ್ನು ಮೀರಲಾರದು. ವಿಮಾನವನ್ನು ನಡೆಸುವವನು, ಗುರಿಯಿಡುವವನು, ದಾರಿ ನೋಡುವವನು ಎಲ್ಲರೂ ಅದರಲ್ಲಿ ಒಬ್ಬನೇ.

ದಾಳಿಗೆ ಆರಿಸಿದ ಗುರಿ ಸರಗೋಧಾ. ಪಾಕಿಸ್ತಾನದ ಪಂಜಾಬಿನಲ್ಲಿ, ಗಡಿಯಿಂದ ಬಹುದೂರ ಒಳಗಿದ್ದ ಈ ಊರು ಆ ದೇಶದ ವಾಯುಬಲದ ಹೃದಯದಂತಿತ್ತು. ಅದರ ಉತ್ತಮ ಯುದ್ಧವಿಮಾನಗಳು ಅಲ್ಲಿ ನೆಲೆಸಿದ್ದುವು. ವಿಮಾನವಿರೋಧಿ ತೋಪುಗಳು ಅದನ್ನು ಕಾಯುತ್ತಿದ್ದುವು. ಸಮೀಪದ ಸಕೇಸರ್ ಬೆಟ್ಟದ ಮೇಲೆ ಪ್ರಬಲವಾದ ರೇಡಾರ್ ಕೇಂದ್ರವಿತ್ತು. ಆದಂಪುರದಿಂದ ಸರಗೋಧಾ ಸುಮಾರು ಮುನ್ನೂರು ಕಿಲೋಮೀಟರ್ ದೂರ. ರೇಡಾರಿನ ಕಣ್ಣು ತಪ್ಪಿಸಬೇಕಾದರೆ ನೆಲಕ್ಕೆ ತಾಗುವಷ್ಟು ತಗ್ಗಿನಲ್ಲಿ ಹಾರಬೇಕು. ತಗ್ಗಿನಲ್ಲಿ ಹಾರಿದರೆ ಇಂಧನ ಬೇಗನೆ ಮುಗಿಯುತ್ತದೆ. ಹೋಗಿ ಬರುವಷ್ಟಕ್ಕೆ ಮಾತ್ರ ಇಂಧನ ಸಾಲುತ್ತಿತ್ತು. ದಾರಿಯಲ್ಲಿ ಹೋರಾಟಕ್ಕೆ ನಿಂತರೆ ಮರಳಿ ಮನೆ ಮುಟ್ಟುವ ಭರವಸೆಯಿರಲಿಲ್ಲ. ಈ ಲೆಕ್ಕಾಚಾರ ದಾಳಿಗೆ ಹೊರಟ ಪ್ರತಿಯೊಬ್ಬ ವೈಮಾನಿಕನಿಗೂ ಚೆನ್ನಾಗಿ ತಿಳಿದಿತ್ತು.

ಸೆಪ್ಟೆಂಬರ್ 7ರ ಮುಂಜಾನೆಯ ದಾಳಿಗೆ ಹನ್ನೆರಡು ಮಿಸ್ಟೇರ್ ವಿಮಾನಗಳನ್ನು ಗೊತ್ತುಮಾಡಲಾಯಿತು. ದೇವಯ್ಯನವರ ಹೆಸರು ಮೊದಲ ಪಟ್ಟಿಯಲ್ಲಿ ಇರಲಿಲ್ಲ. ಯಾವುದಾದರೂ ವಿಮಾನ ಹಿಂದುಳಿದರೆ ಅದರ ಸ್ಥಾನವನ್ನು ತುಂಬುವುದಕ್ಕಾಗಿ ಅವರನ್ನು ಕಾದಿರಿಸಲಾಗಿತ್ತು. ಕಾದಿರಿಸಿದವನ ಸ್ಥಿತಿ ವಿಚಿತ್ರವಾದುದು. ಅವನು ಎಲ್ಲರಂತೆಯೇ ಸಿದ್ಧನಾಗಬೇಕು. ನಕ್ಷೆಯನ್ನು ಮನನ ಮಾಡಬೇಕು. ಕತ್ತಲಲ್ಲಿ ಎದ್ದು ವಿಮಾನವನ್ನು ಏರಬೇಕು. ಆದರೂ ಅವನಿಗೆ ಕರೆ ಬರುವುದೋ ಇಲ್ಲವೋ ಎಂಬುದು ಕೊನೆಯ ಗಳಿಗೆಯವರೆಗೂ ನಿಶ್ಚಯವಿಲ್ಲ. ಕರೆ ಬಾರದಿದ್ದರೆ ಯಾರೂ ಅವನನ್ನು ನಿಂದಿಸುವುದಿಲ್ಲ. ಆದರೆ ಅಂದು ದೇವಯ್ಯನವರಿಗೆ ಸರದಿ ಬಂದಿತು. ಬೆಳಕು ಹರಿಯುವ ಮುನ್ನವೇ ಸಂಗಡಿಗರೊಡನೆ ಅವರ ವಿಮಾನವೂ ಆದಂಪುರದ ನೆಲವನ್ನು ಬಿಟ್ಟು ಪಶ್ಚಿಮಕ್ಕೆ ಹಾರಿತು.

ಕತ್ತಲಲ್ಲಿ, ದೀಪಗಳನ್ನು ಆರಿಸಿ, ಪರಸ್ಪರ ಮಾತಾಡದೆ, ಮರಗಳ ತುದಿಯ ಮೇಲೆಯೇ ಅತಿವೇಗದಿಂದ ಹಾರುವುದು ಎಷ್ಟು ಅಪಾಯಕರವೆಂಬುದನ್ನು ಊಹಿಸಬಹುದು. ಸ್ವಲ್ಪ ಕೈ ತಪ್ಪಿದರೂ ವಿಮಾನ ನೆಲಕ್ಕೆ ಅಪ್ಪಳಿಸುತ್ತದೆ. ಸ್ವಲ್ಪ ಮೇಲೇರಿದರೂ ಶತ್ರುವಿನ ರೇಡಾರಿಗೆ ಸುಳಿವು ಸಿಗುತ್ತದೆ. ಪಂಜಾಬಿನ ನದಿಗಳನ್ನು ಒಂದೊಂದಾಗಿ ದಾಟಿ, ಮಸುಕು ಬೆಳಕಿನಲ್ಲಿ ನಮ್ಮ ವಿಮಾನಗಳು ಸರಗೋಧಾವನ್ನು ತಲುಪಿದುವು. ತಾವು ಹೊತ್ತು ತಂದಿದ್ದ ಅಸ್ತ್ರಗಳನ್ನು ಅಲ್ಲಿ ಪ್ರಯೋಗಿಸಿ ಒಂದರ ಹಿಂದೆ ಒಂದರಂತೆ ಮನೆಯ ದಿಕ್ಕಿಗೆ ಹೊರಳಿದುವು. ಶತ್ರುದೇಶದ ಅತ್ಯಂತ ಭದ್ರವಾದ ನೆಲೆಯೂ ತಮ್ಮ ಕೈಗೆ ಎಟುಕದುದಲ್ಲವೆಂಬುದನ್ನು ಈ ವೈಮಾನಿಕರು ತೋರಿಸಿಕೊಟ್ಟರು.

ಅಷ್ಟರಲ್ಲಿ ಪಾಕಿಸ್ತಾನದ ಕಾವಲು ವಿಮಾನಗಳು ಎಚ್ಚೆತ್ತಿದ್ದುವು. ಅವುಗಳಲ್ಲಿ ಒಂದು ಸ್ಟಾರ್‌ಫೈಟರ್. ಅಮೆರಿಕದಲ್ಲಿ ತಯಾರಾದ ಈ ವಿಮಾನ ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲುದು. ಶತ್ರುವಿಮಾನದ ಬಿಸಿಯನ್ನು ಹಿಂಬಾಲಿಸಿ ಹೋಗಿ ಬಡಿಯುವ ಕ್ಷಿಪಣಿಗಳೂ, ಕ್ಷಣಾರ್ಧದಲ್ಲಿ ಹತ್ತಾರು ಗುಂಡುಗಳನ್ನು ಸುರಿಸುವ ಆರು ನಳಿಗೆಗಳ ಫಿರಂಗಿಯೂ ಅದಕ್ಕಿದ್ದುವು. ಅಂದಿನ ದಿನಗಳಲ್ಲಿ ಈ ಭೂಖಂಡದ ಆಕಾಶದಲ್ಲಿ ಅದಕ್ಕೆ ಸರಿಸಾಟಿಯಾದ ವಿಮಾನಗಳು ವಿರಳವಾಗಿದ್ದುವು. ಅದನ್ನು ನಡೆಸುತ್ತಿದ್ದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಅವರ ಕಣ್ಣಿಗೆ ಬಿದ್ದುದು ದೇವಯ್ಯನವರ ಮಿಸ್ಟೇರ್.

ಅಮ್ಜದ್ ಹುಸೇನರು ಮೊದಲು ಕ್ಷಿಪಣಿಯನ್ನು ಪ್ರಯೋಗಿಸಿದರು. ದೇವಯ್ಯನವರ ವಿಮಾನ ನೆಲಕ್ಕೆ ಅತಿ ಸಮೀಪದಲ್ಲಿ ಹಾರುತ್ತಿದ್ದುದರಿಂದ ಅದು ಗುರಿ ತಪ್ಪಿತು. ಅನಂತರ ಅವರು ಇನ್ನೂ ಹತ್ತಿರಕ್ಕೆ ಬಂದು ಫಿರಂಗಿಯಿಂದ ಗುಂಡಿನ ಮಳೆಗರೆದರು. ಈ ಸಲ ಗುಂಡುಗಳು ಮಿಸ್ಟೇರಿಗೆ ತಗುಲಿದುವು. ತಾನು ಹೊಡೆದ ವಿಮಾನದ ಕಥೆ ಮುಗಿಯಿತೆಂದು ಪಾಕಿಸ್ತಾನದ ವೈಮಾನಿಕನು ಭಾವಿಸಿದುದರಲ್ಲಿ ಆಶ್ಚರ್ಯವಿಲ್ಲ. ಬಲದಲ್ಲಿ, ವೇಗದಲ್ಲಿ, ಆಯುಧದಲ್ಲಿ ಎಲ್ಲದರಲ್ಲಿಯೂ ಅವನದೇ ಮೇಲುಗೈಯಾಗಿತ್ತು.

ಈಗ ದೇವಯ್ಯನವರ ಸ್ಥಿತಿಯನ್ನು ನಾವು ಕಲ್ಪಿಸಿಕೊಳ್ಳೋಣ. ಪೆಟ್ಟುತಿಂದ ವಿಮಾನ; ಕೆಳಗೆ ಶತ್ರುವಿನ ನೆಲ; ಮಿತವಾದ ಇಂಧನ; ಬೆನ್ನ ಹಿಂದೆ ತನಗಿಂತ ಎರಡರಷ್ಟು ವೇಗವುಳ್ಳ ಬೇಟೆಗಾರ. ಅವರ ಮುಂದೆ ಮೂರು ದಾರಿಗಳಿದ್ದುವು. ವಿಮಾನವನ್ನು ತೊರೆದು ಧುಮುಕುಕೊಡೆಯ ಸಹಾಯದಿಂದ ಇಳಿದು ಸೆರೆಯಾಗುವುದು ಒಂದು. ಸಾಧ್ಯವಾದಷ್ಟು ದೂರ ಗಡಿಯ ಕಡೆಗೆ ಓಡುವುದು ಇನ್ನೊಂದು. ಇವೆರಡೂ ಅಪಮಾನಕರವೆಂದು ಯಾವ ಸೇನೆಯೂ ಹೇಳುವುದಿಲ್ಲ. ಪ್ರಾಣವನ್ನು ಉಳಿಸಿಕೊಂಡು ಮತ್ತೆ ಹೋರಾಡುವುದೂ ಯೋಧನ ಧರ್ಮವೇ. ಆದರೆ ಆ ವೇಗದ ವಿಮಾನ ಹಾಗೆಯೇ ಉಳಿದರೆ ಮುಂದೆ ಹಾರುತ್ತಿರುವ ಸಂಗಡಿಗರನ್ನು ಅದು ಬೆನ್ನಟ್ಟಬಹುದಾಗಿತ್ತು. ದೇವಯ್ಯನವರು ಹಿಡಿದುದು ಮೂರನೆಯ ದಾರಿ. ಅವರು ವಿಮಾನವನ್ನು ಶತ್ರುವಿನ ಕಡೆಗೇ ತಿರುಗಿಸಿದರು.

ಇಲ್ಲಿಯೇ ಅವರ ವಿದ್ಯೆ ನೆರವಿಗೆ ಬಂದಿತು. ಸ್ಟಾರ್‌ಫೈಟರ್‌ನ ರೆಕ್ಕೆಗಳು ಬಹಳ ಚಿಕ್ಕವು. ನೇರವಾದ ಓಟದಲ್ಲಿ ಅದನ್ನು ಮೀರಿಸುವುದು ಕಷ್ಟ. ಆದರೆ ತಗ್ಗಿನಲ್ಲಿ, ಕಡಮೆ ವೇಗದಲ್ಲಿ ಅದು ಬೇಗನೆ ತಿರುಗಲಾರದು. ಮಿಸ್ಟೇರಾದರೋ ಚಿಕ್ಕ ಸುತ್ತಿನಲ್ಲಿ ಹೊರಳಬಲ್ಲುದು. ಓಟದ ಕುದುರೆಯನ್ನು ಇಕ್ಕಟ್ಟಾದ ಅಂಗಳಕ್ಕೆ ಎಳೆದಂತೆ ದೇವಯ್ಯನವರು ತಮ್ಮ ಎದುರಾಳಿಯನ್ನು ಸುತ್ತಿನ ಕಾಳಗಕ್ಕೆ ಎಳೆದರು. ಬೆನ್ನಟ್ಟುತ್ತಿದ್ದವನು ಈಗ ಗುರಿಯಾದನು. ಮಿಸ್ಟೇರಿನ ಫಿರಂಗಿಗಳು ಗರ್ಜಿಸಿದುವು. ಭಾರವಾದ ಆ ಗುಂಡುಗಳು ಸ್ಟಾರ್‌ಫೈಟರಿಗೆ ತಗುಲಿ ಅದು ಹತೋಟಿ ತಪ್ಪಿತು. ಅಮ್ಜದ್ ಹುಸೇನರು ನೆಲಕ್ಕೆ ತೀರ ಸಮೀಪದಲ್ಲಿ ವಿಮಾನದಿಂದ ಹೊರಗೆ ಚಿಮ್ಮಿ, ಧುಮುಕುಕೊಡೆಯ ಸಹಾಯದಿಂದ ಪ್ರಾಣ ಉಳಿಸಿಕೊಂಡರು. ಶಬ್ದದ ವೇಗವನ್ನು ಮುಟ್ಟಲಾರದ ವಿಮಾನವೊಂದು ಅದರ ಇಮ್ಮಡಿ ವೇಗದ ವಿಮಾನವನ್ನು ನೆಲಕ್ಕೆ ಉರುಳಿಸಿತು.

ಆದರೆ ದೇವಯ್ಯನವರು ಮನೆಗೆ ಮರಳಲಿಲ್ಲ. ಜರ್ಜರಿತವಾಗಿದ್ದ ಅವರ ವಿಮಾನವೂ ಪಾಕಿಸ್ತಾನದ ನೆಲದ ಮೇಲೆಯೇ ಬಿದ್ದಿತು. ಹೊಲವೊಂದರ ಬಳಿ ದೊರೆತ ಅವರ ದೇಹವನ್ನು ಅಲ್ಲಿಯ ಹಳ್ಳಿಗರು ಮಣ್ಣು ಮಾಡಿದರೆಂದು ಆ ದೇಶದವರ ಬರಹಗಳಿಂದ ಮುಂದೆ ತಿಳಿದುಬಂದಿತು. ಅವರಿಗೆ ಆಗ ಮೂವತ್ತಮೂರು ವರ್ಷಗಳೂ ತುಂಬಿರಲಿಲ್ಲ.

ಇತ್ತ ಆದಂಪುರದಲ್ಲಿ ವಿಮಾನಗಳು ಒಂದೊಂದಾಗಿ ಬಂದಿಳಿದುವು. ದೇವಯ್ಯನವರ ವಿಮಾನ ಮಾತ್ರ ಬರಲಿಲ್ಲ. ಅವರಿಗೆ ಏನಾಯಿತೆಂಬುದನ್ನು ಸಂಗಡಿಗರಾರೂ ಕಂಡಿರಲಿಲ್ಲ. ತೋಪಿನ ಗುಂಡು ತಗುಲಿತೋ, ನೆಲಕ್ಕೆ ತಾಗಿತೋ, ಇಂಧನ ಮುಗಿಯಿತೋ ಹೇಳುವವರಿಲ್ಲ. ವಾಯುಪಡೆಯ ದಾಖಲೆಯಲ್ಲಿ ಅವರು ಕಾಣೆಯಾದವರೆಂದು ಬರೆಯಲಾಯಿತು. ಸೆಪ್ಟೆಂಬರ್ 23ರಂದು ಕದನವಿರಾಮ ಜಾರಿಗೆ ಬಂದಿತು. 1966ರ ಜನವರಿ 10ರಂದು ತಾಷ್ಕೆಂಟಿನಲ್ಲಿ ಒಪ್ಪಂದವಾಯಿತು. ಸೆರೆಯಾಗಿದ್ದ ಯೋಧರು ಮನೆಗೆ ಹಿಂದಿರುಗಿದರು. ಅವರಲ್ಲಿ ಕೊಡಗಿನವರೇ ಆದ ಇನ್ನೊಬ್ಬ ವೈಮಾನಿಕರೂ, ಕಾರ್ಯಪ್ಪನವರ ಪುತ್ರರೂ ಆದ ಕೆ. ಸಿ. ಕಾರ್ಯಪ್ಪನವರಿದ್ದರು. ಆದರೆ ದೇವಯ್ಯನವರ ಸುದ್ದಿ ಬರಲಿಲ್ಲ.

ಮರಣವಾರ್ತೆ ಬಂದ ಮನೆ ಅತ್ತು ಸಮಾಧಾನ ಹೊಂದುತ್ತದೆ. ಕಾಣೆಯಾದವನ ಮನೆಗೆ ಆ ಸಮಾಧಾನವೂ ಇಲ್ಲ. ಎರಡು ಗುಂಡುಗಳನ್ನು ಹಾರಿಸಿ ಮರಣವನ್ನು ಸಾರುವ ಸಂಪ್ರದಾಯದ ನಾಡಿನಲ್ಲಿ, ಮರಣದ ನಿಶ್ಚಯವೇ ದೊರೆಯದಿದ್ದಾಗ ಮನೆಯವರು ಏನು ಮಾಡಬೇಕು? ಬಾಗಿಲಿನತ್ತ ನೋಡುತ್ತ, ಅಂಚೆಯನ್ನು ಎದುರುನೋಡುತ್ತ ದಿನಗಳನ್ನು ನೂಕಬೇಕು. ಯುದ್ಧದ ವೆಚ್ಚವನ್ನು ಲೆಕ್ಕಹಾಕುವಾಗ ವಿಮಾನ, ಟ್ಯಾಂಕುಗಳ ಸಂಖ್ಯೆಯನ್ನು ಹೇಳುತ್ತಾರೆ. ಇಂತಹ ಮನೆಗಳ ಕಾಯುವಿಕೆಯನ್ನು ಯಾವ ಲೆಕ್ಕದ ಪುಸ್ತಕವೂ ಬರೆದಿಡುವುದಿಲ್ಲ. ದೇವಯ್ಯನವರ ಪತ್ನಿ ಈ ದುಃಖವನ್ನು ಧೈರ್ಯದಿಂದ ಸಹಿಸಿದರು. ಕಾಲಕ್ರಮದಲ್ಲಿ ದೇವಯ್ಯನವರು ಮೃತರಾಗಿರಬೇಕೆಂದು ವಾಯುಪಡೆ ತೀರ್ಮಾನಿಸಿತು. ಆದರೂ ಅವರು ಹೇಗೆ ಮಡಿದರೆಂಬುದು ಯಾರಿಗೂ ತಿಳಿಯದೆಯೇ ಉಳಿಯಿತು.

ಸತ್ಯ ಬೆಳಕಿಗೆ ಬಂದುದು ಅನಿರೀಕ್ಷಿತವಾದ ದಿಕ್ಕಿನಿಂದ. 1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲೆಂಡಿನ ಲೇಖಕರು 1965ರ ವಾಯುಯುದ್ಧವನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಅವರು ಪಾಕಿಸ್ತಾನದ ವಾಯುಪಡೆಯ ದಾಖಲೆಗಳನ್ನು ಪರಿಶೀಲಿಸಿ, ಅಲ್ಲಿಯ ವೈಮಾನಿಕರಿಂದಲೇ ವಿಷಯ ಸಂಗ್ರಹಿಸಿ ಅದನ್ನು ಬರೆದಿದ್ದರು. ಸೆಪ್ಟೆಂಬರ್ 7ರ ಮುಂಜಾನೆ ಸ್ಟಾರ್‌ಫೈಟರ್ ನಷ್ಟವಾದ ಸಂಗತಿ ಅದರಲ್ಲಿತ್ತು. ಪೆಟ್ಟುತಿಂದು ಬಿದ್ದುಹೋಯಿತೆಂದು ತಿಳಿದಿದ್ದ ಮಿಸ್ಟೇರ್ ಮತ್ತೆ ತಿರುಗಿ ಬಂದು ಕಾದಾಡಿ ಸ್ಟಾರ್‌ಫೈಟರನ್ನು ಹೊಡೆದ ವಿವರ ಅದರಿಂದ ಹೊರಬಿದ್ದಿತು. ಆ ಮಿಸ್ಟೇರನ್ನು ನಡೆಸುತ್ತಿದ್ದವರು ಯಾರೆಂಬುದನ್ನು ಗುರುತಿಸುವುದು ಕಷ್ಟವಾಗಲಿಲ್ಲ. ಆ ಮುಂಜಾನೆಯ ದಾಳಿಗೆ ಹೋಗಿ ಹಿಂದಿರುಗದೆ ಉಳಿದವರು ದೇವಯ್ಯನವರೊಬ್ಬರೇ.

ಸ್ವಪಕ್ಷದವರಾರೂ ಕಾಣದ ಸಾಹಸಕ್ಕೆ ಶತ್ರುಪಕ್ಷವೇ ಸಾಕ್ಷಿಯಾಯಿತು. ಮಿತ್ರರ ಹೊಗಳಿಕೆಯಲ್ಲಿ ಅಭಿಮಾನ ಬೆರೆತಿರಬಹುದು. ಆದರೆ ತನ್ನನ್ನು ಸೋಲಿಸಿದವನ ಪರಾಕ್ರಮವನ್ನು ಎದುರಾಳಿಯೇ ಒಪ್ಪಿದರೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇರೊಂದಿಲ್ಲ. ಸತ್ಯ ಹೊರಬರಲು ಕಾರಣವಾದುದು ಎದುರುಪಕ್ಷದ ದಾಖಲೆಗಳು ಮತ್ತು ಆ ಕಾಲದ ಯೋಧರ ನೆನಪು ಎಂಬುದನ್ನು ನಾವು ಮರೆಯಬಾರದು. ವೈರವು ದೇಶಗಳ ನಡುವೆ ಇರಬಹುದು. ಶೂರನು ಶೂರನನ್ನು ಗುರುತಿಸುವುದಕ್ಕೆ ಗಡಿ ಅಡ್ಡಬರುವುದಿಲ್ಲ.

ಈ ವಿಷಯ ತಿಳಿದಮೇಲೆ ಅಂದಿನ ದಳನಾಯಕರಾಗಿದ್ದ ತನೇಜಾ ಅವರು ಸುಮ್ಮನಿರಲಿಲ್ಲ. ತಮ್ಮ ನೇತೃತ್ವದಲ್ಲಿ ಹೋಗಿ ಮಡಿದ ಯೋಧನಿಗೆ ತಕ್ಕ ಗೌರವ ದೊರೆಯಬೇಕೆಂದು ವಾಯುಪಡೆಯ ಮೇಲಧಿಕಾರಿಗಳ ಗಮನಕ್ಕೆ ತಂದರು. ವಾಯುಪಡೆ ವಿಷಯವನ್ನು ಪರಿಶೀಲಿಸಿತು. ಕೊನೆಗೆ 1988ರಲ್ಲಿ ಭಾರತ ಸರ್ಕಾರವು ಸ್ಕ್ವಾಡ್ರನ್ ಲೀಡರ್ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನು ನೀಡಿತು. ಯುದ್ಧಕಾಲದ ಶೌರ್ಯಕ್ಕಾಗಿ ನಮ್ಮ ದೇಶ ಕೊಡುವ ಪ್ರಶಸ್ತಿಗಳಲ್ಲಿ ಪರಮವೀರ ಚಕ್ರದ ಅನಂತರದ ಸ್ಥಾನ ಇದರದು. ದೇವಯ್ಯನವರ ಪತ್ನಿ ಪತಿಯ ಪರವಾಗಿ ಅದನ್ನು ಸ್ವೀಕರಿಸಿದರು. ಇಪ್ಪತ್ತಮೂರು ವರ್ಷಗಳ ಹಿಂದೆ ಕಾಣೆಯಾದವರೆಂದು ಬರೆದಿದ್ದ ಹೆಸರು ದೇಶದ ವೀರರ ಸಾಲಿನಲ್ಲಿ ಸೇರಿತು. ಯುದ್ಧ ನಡೆದು ಇಷ್ಟು ದೀರ್ಘಕಾಲದ ಮೇಲೆ ಇಂತಹ ಪ್ರಶಸ್ತಿಯನ್ನು ಕೊಟ್ಟ ಉದಾಹರಣೆ ಅಪರೂಪ.

ಕೊಡಗಿನ ಜನತೆ ತಮ್ಮ ವೀರಪುತ್ರನನ್ನು ಮರೆತಿಲ್ಲ. ಜಿಲ್ಲೆಯ ಕೇಂದ್ರವಾದ ಮಡಿಕೇರಿಯಲ್ಲಿ ಒಂದು ವೃತ್ತಕ್ಕೆ ದೇವಯ್ಯನವರ ಹೆಸರನ್ನು ಇಡಲಾಗಿದೆ. ಅಲ್ಲಿ ಅವರ ಪ್ರತಿಮೆಯೂ ನಿಂತಿದೆ. ಅವರ ಸಮಾಧಿ ನಮ್ಮ ನೆಲದಲ್ಲಿಲ್ಲ. ಅದಕ್ಕೆ ಹೂವಿಡಲು ನಾವು ಹೋಗಲಾರೆವು. ಆದುದರಿಂದ ಈ ನೆನಪೇ ಅವರಿಗೆ ನಾವು ಸಲ್ಲಿಸಬಹುದಾದ ಪುಷ್ಪಾಂಜಲಿ.

ದೇವಯ್ಯನವರ ಜೀವನದಿಂದ ನಾವು ಕಲಿಯಬೇಕಾದುದು ಯುದ್ಧದ ಮೋಹವನ್ನಲ್ಲ. ಯುದ್ಧ ಎರಡು ದೇಶಗಳಲ್ಲಿಯೂ ಎಷ್ಟೋ ಮನೆಗಳ ದೀಪವನ್ನು ಆರಿಸುತ್ತದೆ. ನಾವು ಕಲಿಯಬೇಕಾದುದು ಬೇರೆ. ಅವರು ಕಾದಿರಿಸಿದ ಸ್ಥಾನದಲ್ಲಿದ್ದರೂ ಮೊದಲಿಗನಷ್ಟೇ ಸಿದ್ಧರಾಗಿದ್ದರು. ತಮಗೆ ದೊರೆತ ಸಾಧನ ಎದುರಾಳಿಯದಕ್ಕಿಂತ ಕೆಳಮಟ್ಟದ್ದಾದರೂ ಅದರ ಶಕ್ತಿಯನ್ನು ಬಲ್ಲವರಾಗಿ ಅದನ್ನು ಪೂರ್ಣವಾಗಿ ಬಳಸಿದರು. ನೋಡುವವರು ಯಾರೂ ಇಲ್ಲದ ಕಡೆ, ಹೊಗಳುವವರು ಯಾರೂ ಇಲ್ಲವೆಂದು ತಿಳಿದೂ ಕರ್ತವ್ಯದಿಂದ ಹಿಂಜರಿಯಲಿಲ್ಲ. ಹತ್ತು ಜನರ ಕಣ್ಣಮುಂದೆ ಧೈರ್ಯ ತೋರುವುದು ದೊಡ್ಡದೇ. ಆದರೆ ಒಂಟಿಯಾಗಿದ್ದಾಗ ತೋರುವ ಧೈರ್ಯ ಅದಕ್ಕಿಂತ ದೊಡ್ಡದು. ನಮ್ಮ ದಿನನಿತ್ಯದ ಬಾಳಿನಲ್ಲಿಯೂ ಯಾರೂ ನೋಡದ ಕೆಲಸಗಳು ಬೇಕಾದಷ್ಟಿವೆ. ಅವುಗಳನ್ನು ಎಲ್ಲರೂ ನೋಡುತ್ತಿರುವರೋ ಎಂಬಂತೆ ಮಾಡುವವನು ದೇವಯ್ಯನವರ ದಾರಿಯಲ್ಲಿ ನಡೆದಂತೆ. ಮನ್ನಣೆ ತಡವಾಗಿ ಬರಬಹುದು, ಬಾರದೆಯೂ ಇರಬಹುದು. ಆದರೆ ಮಾಡಿದ ಕೆಲಸದ ಬೆಲೆ ಅದರಿಂದ ಕುಂದುವುದಿಲ್ಲ.